ನಿಯಮ ಮುರಿಯದ ಅಗೌರವ: ವಿಶ್ವವಿದ್ಯಾಲಯದಲ್ಲಿ ನಾವೇನು ಮಾಡಬಹುದು?

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಊರು ವಡಗೇರಾ. ಮೊದಲು ಶಹಾಪುರ ತಾಲೂಕಿಗೆ ಸೇರಿದ್ದ ಈ ಊರು ಈಗ ಯಾದಗಿರಿ ಜಿಲ್ಲೆಯ ಒಂದು ತಾಲೂಕು ಕೇಂದ್ರವಾಗಿದೆ. ನಾನೂ ಇದೇ ಸೀಮೆಯವನು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಈ ಭಾಗದ ಕೆಲವು ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಿದ್ದಾಗ, ಅವರೊಡನೆ ಒಂದು ಮಾತುಕತೆಯನ್ನು ಚಿತ್ರೀಕರಿಸಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು.

ಒಬ್ಬ ವಿದ್ಯಾರ್ಥಿನಿ ಹಾಸ್ಟೆಲಿನ ಮೊದಲ ದಿನದ ಬಗ್ಗೆ ಹೇಳತೊಡಗಿದಳು. "ಪಹಿಲೇ ದಿನ ನಾ ಊಟಕ್ಕ ಹೋಗಲಿಲ್ರಿ. ಯಾರ ಬಾಜೂ ಕುಂದರಬೇಕಂತ ತಿಳೀಲಿಲ್ಲ." ನಾನು ಕೈಯೆತ್ತಿ ಚಿತ್ರೀಕರಣ ನಿಲ್ಲಿಸಿದೆ. "ಸ್ವಲ್ಪ ಶುದ್ಧ ಕನ್ನಡದಲ್ಲಿ ಹೇಳಮ್ಮ, ಎಲ್ಲರಿಗೂ ಅರ್ಥವಾಗಬೇಕಲ್ಲ" ಎಂದೆ. ಹುಡುಗಿ ತಲೆಯಾಡಿಸಿದಳು. ಮತ್ತೆ ಕ್ಯಾಮೆರಾ ಚಾಲೂ ಆದಾಗ ಪುಸ್ತಕದ ಭಾಷೆಯಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾದಳು. ಉಳಿದ ಹೊತ್ತೆಲ್ಲ ಆಕೆ ಬಾಯಿ ತೆರೆಯಲಿಲ್ಲ.

ಚಹಾದ ಹೊತ್ತಿಗೆ, ದೀಪಗಳ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸ್ಥಳೀಯ ಸಹಾಯಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸರ, ಸಿಟ್ಟಾಗಬ್ಯಾಡ್ರಿ. ಆ ಹುಡುಗಿ ಚಲೋ ಮಾತಾಡ್ಲಕತ್ತಿದ್ಲು. ನೀವು ಶುದ್ಧ ಕನ್ನಡ ಅಂದ ಮ್ಯಾಲ ನೆಲಾ ನೋಡಿ ಕುಂತಾಳ. ಇನ್ನೊಮ್ಮೆ ಕೇಳ್ರಿ" ಎಂದರು.

ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಬೈದಿರಲಿಲ್ಲ, ಗದರಿಸಿರಲಿಲ್ಲ. ದೂರು ಕೊಡಬೇಕೆಂದರೂ ಕೊಡಲು ಬರುವಂಥದ್ದೇನೂ ಅಲ್ಲಿರಲಿಲ್ಲ. ಆದರೂ ಒಬ್ಬ ಹುಡುಗಿಯ ಮಾತು ನಿಂತುಹೋಗಿತ್ತು. ಈ ಬಾರಿಯ ನಮ್ಮ ಚರ್ಚೆಯ ವಿಷಯ ಇದೇ. ವಿಶ್ವವಿದ್ಯಾಲಯದಂಥ ಸಮುದಾಯದಲ್ಲಿ, ನಿಯಮದ ಗೆರೆ ದಾಟದ, ಆದರೆ ಇನ್ನೊಬ್ಬರನ್ನು ಸಣ್ಣವರನ್ನಾಗಿ ಮಾಡುವ ನಡವಳಿಕೆಗೆ ಏನು ಮಾಡಬೇಕು?

ಯಾವುದು ಅಪರಾಧ, ಯಾವುದು ಅಗೌರವ?

ಮೊದಲು ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕರ ಎದುರಿನಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೊರಡಿಸಿದ 2015ರ ನಿಯಮಾವಳಿಯೂ ಇದೆ. ರ‍್ಯಾಗಿಂಗ್ ಕುರಿತು ಆರ್.ಕೆ. ರಾಘವನ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. 2009ರಲ್ಲಿ ಯುಜಿಸಿ ಕಟ್ಟುನಿಟ್ಟಾದ ನಿಯಮಾವಳಿಯನ್ನು ಜಾರಿಗೆ ತಂದಿತು. ಪ್ರವೇಶದ ಹೊತ್ತಿನಲ್ಲಿ ವಿದ್ಯಾರ್ಥಿ ಮತ್ತು ಪೋಷಕರು ಮುಚ್ಚಳಿಕೆ ಬರೆದುಕೊಡುವುದು ಈ ನಿಯಮಾವಳಿಯ ಪ್ರಕಾರವೇ.

ಇಂಥ ಸಂದರ್ಭಗಳಲ್ಲಿ "ಕೂತು ಮಾತಾಡಿ ಬಗೆಹರಿಸಿಕೊಳ್ಳಿ" ಎಂದು ನೊಂದವರಿಗೆ ಹೇಳುವುದು ತಪ್ಪು. ಅಲ್ಲಿ ದೂರಿಗೆ ದಾರಿ ಇದೆ, ಆ ದಾರಿಯಲ್ಲಿಯೇ ಹೋಗಬೇಕು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. 2009ರ ನಿಯಮಾವಳಿಯ ವ್ಯಾಖ್ಯೆ ಬಹಳ ಅಗಲವಾದದ್ದು. ಒಬ್ಬ ವಿದ್ಯಾರ್ಥಿಯನ್ನು ಮಾತಿನಿಂದಾಗಲಿ ಬರಹದಿಂದಾಗಲಿ ಕೀಟಲೆ ಮಾಡುವುದು, ಒರಟಾಗಿ ನಡೆಸಿಕೊಳ್ಳುವುದು ಕೂಡ ಅದರೊಳಗೆ ಬರುತ್ತದೆ. ಆದರೆ ತರಗತಿಯಲ್ಲಿ ಕೇಳಿಬಂದ ಒಂದು ನಗೆಗೆ ಯಾರೂ ರ‍್ಯಾಗಿಂಗ್ ನಿಗ್ರಹ ಸಮಿತಿಯ ಬಾಗಿಲು ತಟ್ಟುವುದಿಲ್ಲ. ತಟ್ಟಿದರೂ ಆ ನಗೆಗೆ ಶಿಕ್ಷೆ ಏನೆಂದು ನಿರ್ಧರಿಸುವುದು ಕಷ್ಟ. ಇನ್ನು ಅಧ್ಯಾಪಕರು ವಿದ್ಯಾರ್ಥಿಯನ್ನು, ವಿದ್ಯಾರ್ಥಿಗಳು ಕಚೇರಿಯ ಗುಮಾಸ್ತರನ್ನು, ಎಲ್ಲರೂ ಸೇರಿ ಮೆಸ್ಸಿನ ಕೆಲಸದವರನ್ನು ಹಗುರಾಗಿ ಕಂಡರೆ ಅದು ರ‍್ಯಾಗಿಂಗ್ ವ್ಯಾಖ್ಯೆಗೇ ಬರುವುದಿಲ್ಲ.

ಮಾತಾಡುತ್ತಿರುವವರನ್ನು ಪದೇ ಪದೇ ಅರ್ಧಕ್ಕೆ ತಡೆಯುವುದು, ಒಬ್ಬರು ಎದ್ದು ನಿಂತ ಕೂಡಲೇ ಕಣ್ಸನ್ನೆ ಮಾಡಿ ನಗುವುದು, ಗುಂಪು ಅಧ್ಯಯನಕ್ಕೆ ಒಬ್ಬರನ್ನು ಮಾತ್ರ ಕರೆಯದಿರುವುದು, ಹೆಸರನ್ನು ಬೇಕೆಂದೇ ತಪ್ಪಾಗಿ ಹೇಳುವುದು, ವಯಸ್ಸಾದ ಜವಾನರನ್ನು ಏಕವಚನದಲ್ಲಿ ಕೂಗುವುದು, ಇವೆಲ್ಲ ನಮ್ಮ ಇಂದಿನ ವಿಷಯದ ಉದಾಹರಣೆಗಳು. ಒಂದೊಂದನ್ನೇ ತೆಗೆದುಕೊಂಡರೆ "ಅಷ್ಟಕ್ಕೇನು?" ಎನಿಸುವಂಥವು.

ಸಣ್ಣದು ಸಣ್ಣದಾಗಿಯೇ ಉಳಿಯುತ್ತದೆಯೇ?

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಒಂದು ತಂತಿ ನೆನಪಾಗುತ್ತದೆ.

ನಾನು ಓದಲು ಊರು ಬಿಟ್ಟು ಹೋದ ಹೊಸತು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ, ತೂಕ ಹಾಕಿ ತಂತಿಯ ಸ್ಥಿತಿಸ್ಥಾಪಕತ್ವ ಅಳೆಯುವ ಪ್ರಯೋಗ ನಡೆದಿತ್ತು. ನನ್ನ ತಂತಿ ತುಂಡಾಯಿತು. "ಸರ, ತಂತಿ ಹರದದ್ರಿ" ಎಂದೆ. ನಮ್ಮ ಕಡೆ ಹಗ್ಗವೂ ಹರಿಯುತ್ತದೆ, ತಂತಿಯೂ ಹರಿಯುತ್ತದೆ. "ತಂತಿ ಏನು ಬಟ್ಟೆಯೇ, ಹರಿಯೋದಕ್ಕೆ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಮೇಷ್ಟ್ರೂ ಮುಗುಳ್ನಕ್ಕರು. ಅಂದಿನಿಂದ ನನ್ನ ಹೆಸರು "ಹರದದ" ಎಂದಾಯಿತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೆ ಆ ವರ್ಷವೆಲ್ಲ ನಾನು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅರ್ಥವಾಗದೆ ಉಳಿದ ಪಾಠಗಳ ಲೆಕ್ಕ ಫಲಿತಾಂಶದಲ್ಲಿ ಕಾಣಿಸಿತು.

ಕಬ್ಬಿಣದ ತೆಳು ತಂತಿಯೊಂದನ್ನು ಕೈಯಲ್ಲಿ ಹಿಡಿದು ಎಳೆದರೆ ಅದು ತುಂಡಾಗುವುದಿಲ್ಲ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದರೆ ಮುರಿದು ಕೈಗೆ ಬರುತ್ತದೆ. ಲೋಹವೊಂದು ತಾಳಿಕೊಳ್ಳಬಲ್ಲ ಮಿತಿಗಿಂತ ಕಡಿಮೆ ಒತ್ತಡವೇ ಮತ್ತೆ ಮತ್ತೆ ಬಿದ್ದಾಗ ಒಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಜೆಟ್ ಪ್ರಯಾಣಿಕ ವಿಮಾನಗಳಲ್ಲಿ ಮೊದಲನೆಯದಾದ ಬ್ರಿಟನ್ನಿನ ಕಾಮೆಟ್ ಮಾದರಿಯ ಎರಡು ವಿಮಾನಗಳು 1954ರಲ್ಲಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕಲು ಅದೇ ಮಾದರಿಯ ವಿಮಾನದ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಆಗುವಂತೆ ಒಳಗಿನ ಒತ್ತಡವನ್ನು ಸಾವಿರಾರು ಸಲ ಏರಿಸಿ ಇಳಿಸಿದರು. ಕೊನೆಗೆ ಒಡಲು ಸೀಳಿತು. ಪ್ರತಿ ಹಾರಾಟದ ಒತ್ತಡವೂ ವಿಮಾನ ತಡೆದುಕೊಳ್ಳಬಲ್ಲ ಮಿತಿಯೊಳಗೇ ಇತ್ತು. ಅದನ್ನು ಮುರಿದದ್ದು ಆ ಒತ್ತಡದ ಪುನರಾವರ್ತನೆ.

ಅಗೌರವದ ಕೆಲಸವೂ ಹೀಗೆಯೇ. ಇದರಲ್ಲಿ ಇನ್ನೊಂದು ತೊಡಕಿದೆ. ಹತ್ತು ಜನ ಒಂದೊಂದು ಸಲ ನಕ್ಕಿರುತ್ತಾರೆ. ಪ್ರತಿಯೊಬ್ಬರಿಗೂ "ನಾನು ಒಂದೇ ಸಲ ಅಂದದ್ದು" ಎಂಬುದು ನಿಜವೇ. ಕೇಳಿಸಿಕೊಂಡವರಿಗೆ ಮಾತ್ರ ಅದು ಹತ್ತನೆಯ ಸಲ. ಆದ್ದರಿಂದಲೇ ಹತ್ತನೆಯವರ ಮಾತಿಗೆ ಅವರು ಸಿಡಿದರೆ ಎಲ್ಲರಿಗೂ ಆಶ್ಚರ್ಯವಾಗುತ್ತದೆ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಸ್ಥಿತಿಯನ್ನು ವಿಚಾರಿಸಲು 2006ರಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 2007ರ ಅದರ ವರದಿಯಲ್ಲಿ ನೇರ ಕಿರುಕುಳದ ದೂರುಗಳ ಜೊತೆಗೆ, ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗದಿರುವುದು, ಮೆಸ್ಸಿನಲ್ಲಿ, ಆಟದ ಬಯಲಿನಲ್ಲಿ, ಹಾಸ್ಟೆಲಿನಲ್ಲಿ ಬೇರೆಯಾಗಿ ಉಳಿಯಬೇಕಾಗಿ ಬರುವುದು, ಇಂಥವನ್ನು ವಿದ್ಯಾರ್ಥಿಗಳು ಹೇಳಿಕೊಂಡಿದ್ದರು. ಇವುಗಳಲ್ಲಿ ಹಲವನ್ನು ಬಿಡಿಬಿಡಿಯಾಗಿ ನೋಡಿದರೆ ನಿಯಮಭಂಗ ಎನ್ನಲಾಗದು. ಒಟ್ಟುಗೂಡಿಸಿ ನೋಡಿದಾಗಲೇ ಚಿತ್ರ ಕಾಣುವುದು.

ನಮ್ಮ ಭಾಗದ ಮಕ್ಕಳ ಮಾತು

ಕಲಬುರಗಿಯಲ್ಲಿ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಆರಂಭವಾಯಿತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ಅಲ್ಲಿ ದೇಶದ ನಾನಾ ಕಡೆಯ ಮಕ್ಕಳು ಬಂದು ಓದುತ್ತಾರೆ. 2012ರ 98ನೇ ತಿದ್ದುಪಡಿ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿತು. ಅದರ ಪ್ರಕಾರ ರೂಪುಗೊಂಡ ನಿಯಮಗಳಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸೀಟುಗಳು ಇಲ್ಲಿನವರಿಗೆ ದೊರೆಯುತ್ತಿವೆ. ಹೀಗೆ ಶಹಾಪುರ, ಸುರಪುರ, ವಡಗೇರಾ ಕಡೆಯ ಮಕ್ಕಳು ಬೆಂಗಳೂರು, ಮೈಸೂರುಗಳವರೆಗೂ ಹೋಗಿ ಓದುತ್ತಿದ್ದಾರೆ. ಮನೆಯಲ್ಲಿ ಮೊದಲ ಸಲ ಪದವಿ ಮೆಟ್ಟಿಲು ಹತ್ತಿದವರು ಅವರಲ್ಲಿದ್ದಾರೆ.

ಹೋದ ಕಡೆ ಇವರಿಗೆ ಮೊದಲು ಎದುರಾಗುವುದು ಭಾಷೆಯ ನಗೆ. "ಇದೆ" ಎನ್ನುವ ಕಡೆ ನಾವು "ಅದ" ಎನ್ನುತ್ತೇವೆ. ಜರಾ, ಖರೆ, ಬರೋಬರ್ ಎಂಬ ಮಾತುಗಳು ನಮ್ಮಲ್ಲಿ ಸಹಜ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶದಲ್ಲಿ ಕಚೇರಿ, ಶಾಲೆಗಳ ಭಾಷೆ ಉರ್ದುವಾಗಿತ್ತು. ಆ ಒಡನಾಟ ನಾಲಗೆಯಲ್ಲಿ ಉಳಿದಿದೆ. ಇದು ಕೆಟ್ಟ ಕನ್ನಡವಲ್ಲ, ಕನ್ನಡದ ಒಂದು ಬಗೆ. ಕಲಬುರಗಿ ಕಡೆಯ ಆಡುಮಾತಿಗೆ ಸಾಹಿತ್ಯದಲ್ಲಿ ಸ್ಥಾನ ತಂದುಕೊಟ್ಟ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ತಪ್ಪು ತಿಳಿವಳಿಕೆ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹುಡುಗರು ಗೆಳೆಯನನ್ನು "ಬಾರಲೇ" ಎಂದು ಕರೆಯುವುದು ಸಲಿಗೆಯಿಂದ. ಹೊಸದಾಗಿ ಪರಿಚಯವಾದ ಮೈಸೂರು ಕಡೆಯ ಹುಡುಗನಿಗೆ ಅದು ಬೈಗುಳದಂತೆ ಕೇಳಬಹುದು. ಅವನು ಮುಖ ತಿರುಗಿಸುತ್ತಾನೆ. ಇವನಿಗೆ "ಎಷ್ಟು ಸೊಕ್ಕು" ಎನಿಸುತ್ತದೆ. ಯಾರೂ ಬಾಯಿಬಿಟ್ಟು ಕೇಳದಿದ್ದರೆ ಅರ್ಧ ವರ್ಷ ಹೀಗೆಯೇ ಕಳೆದುಹೋಗುತ್ತದೆ.

ಎಲ್ಲಕ್ಕೂ ನಿಯಮ ಮಾಡಿದರೆ?

"ಹಾಗಾದರೆ ಇವೆಲ್ಲವನ್ನೂ ನಿಯಮಕ್ಕೆ ಸೇರಿಸಿ ದಂಡ ಹಾಕಲಿ" ಎನ್ನುವವರಿದ್ದಾರೆ. ಇದಕ್ಕೆ ಮೂರು ಅಡ್ಡಿಗಳಿವೆ.

ಒಂದು, ಅಗೌರವವನ್ನು ಬರಹದಲ್ಲಿ ಕಟ್ಟಿಹಾಕುವುದು ಕಷ್ಟ. ಅದೇ ಮಾತು ಒಬ್ಬರ ಬಾಯಲ್ಲಿ ಪ್ರೀತಿ, ಇನ್ನೊಬ್ಬರ ಬಾಯಲ್ಲಿ ಚುಚ್ಚುಮಾತು.

ಎರಡು, ಇಂಥ ನಿಯಮ ಮೊದಲು ಯಾರ ಮೇಲೆ ಬೀಳುತ್ತದೆ? ದೊಡ್ಡವರು ಚಿಕ್ಕವರಿಗೆ ತೋರುವ ಅಗೌರವ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕವರು ಎತ್ತಿದ ದನಿ ಮಾತ್ರ ಕೂಡಲೇ ಕಾಣುತ್ತದೆ. ಪಾಠದಲ್ಲಿ ತಪ್ಪಿದೆ ಎಂದ ವಿದ್ಯಾರ್ಥಿ, ಮೆಸ್ಸಿನ ಅನ್ನ ಸರಿಯಿಲ್ಲ ಎಂದ ಹುಡುಗಿ, ಇವರೇ "ಅವಿಧೇಯರು" ಎಂಬ ಪಟ್ಟಿಗೆ ಸೇರಿಬಿಡಬಹುದು. ಭಿನ್ನಾಭಿಪ್ರಾಯ ಅಗೌರವವಲ್ಲ. ಪ್ರಶ್ನೆ ಕೇಳುವುದು ವಿಶ್ವವಿದ್ಯಾಲಯದ ಕೆಲಸವೇ. ವಾದವನ್ನು ತುಂಡು ತುಂಡು ಮಾಡಿದರೂ ಸರಿ, ವಾದಿಸಿದವರು ಮತ್ತೆ ಮಾತಾಡುವಂತಿರಬೇಕು. ಗೆರೆ ಇರುವುದು ಅಲ್ಲಿ.

ಮೂರು, ದಂಡಕ್ಕೆ ಹೆದರಿದವರು ಎಚ್ಚರ ಕಲಿಯುತ್ತಾರೆ, ಗೌರವ ಕಲಿಯುವುದಿಲ್ಲ. ನಗುವವರು ಮರೆಯಲ್ಲಿ ನಗುತ್ತಾರೆ. ನೊಂದವರ ಜೊತೆ ಮಾತಾಡುವುದನ್ನೇ ಬಿಡುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆ ನೊಂದವರಿಗೆ ಬೇರೆ ಇಲ್ಲ.

ನಿಯಮ ಬೇಡವೆಂದು ಇದರ ಅರ್ಥವಲ್ಲ. ನಿಯಮಕ್ಕೂ ಮೌನಕ್ಕೂ ನಡುವೆ ದೊಡ್ಡ ಜಾಗವಿದೆ. ಆ ಜಾಗದಲ್ಲಿ ಕೆಲಸ ಮಾಡಬೇಕಾದವರು ನಾವು.

ಮಾಡಬಹುದಾದದ್ದು

ವಡಗೇರಾದಲ್ಲಿ ಆ ಸಹಾಯಕರು ನನಗೆ ಹೇಳಿದ ರೀತಿಯನ್ನೇ ಬಿಡಿಸಿ ನೋಡೋಣ. ಅವರು ಎಲ್ಲರೆದುರಿಗೆ ಹೇಳಲಿಲ್ಲ, ಪಕ್ಕಕ್ಕೆ ಕರೆದರು. ಅದೇ ದಿನ, ಸರಿಪಡಿಸಲು ಅವಕಾಶವಿರುವಾಗಲೇ ಹೇಳಿದರು. "ನೀವು ಅಹಂಕಾರಿ" ಎನ್ನಲಿಲ್ಲ. ನಾನು ಆಡಿದ ಮಾತು ಯಾವುದು, ಅದರಿಂದ ಏನಾಯಿತು, ಇಷ್ಟನ್ನೇ ಹೇಳಿದರು. ಕೊನೆಗೆ ಮುಂದೇನು ಮಾಡಬಹುದು ಎಂದೂ ಸೂಚಿಸಿದರು. ವ್ಯಕ್ತಿಯನ್ನು ಬಿಟ್ಟು ಕೃತಿಯನ್ನು ಹಿಡಿದದ್ದರಿಂದ ನನಗೆ ನನ್ನನ್ನು ಸಮರ್ಥಿಸಿಕೊಳ್ಳಬೇಕು ಎನಿಸಲಿಲ್ಲ.

ನೋಡಿದವರ ಪಾತ್ರವೇ ಇಲ್ಲಿ ದೊಡ್ಡದು. ನೊಂದವರು ತಾವೇ ಹೇಳಬೇಕೆಂದು ಕಾಯುವುದು ನ್ಯಾಯವಲ್ಲ. ಹೇಳುವ ಬಲವನ್ನೇ ಅವರು ಕಳೆದುಕೊಂಡಿರುತ್ತಾರೆ. ತರಗತಿಯಲ್ಲಿ ನಗೆ ಎದ್ದಾಗ ಒಬ್ಬ ಗೆಳೆಯ "ಅವನು ಹೇಳಿದ್ದು ಮುಗಿಯಲಿ, ನನಗೆ ಕೇಳಬೇಕಾಗಿದೆ" ಎಂದರೆ ಸಾಕು. ಜಗಳ ಬೇಕಿಲ್ಲ. ಆಮೇಲೆ ನೊಂದವರ ಬಳಿ ಹೋಗಿ ಒಂದು ಮಾತಾಡಿದರೆ ಇನ್ನೂ ಒಳ್ಳೆಯದು.

ಅಧ್ಯಾಪಕರಿಗೆ ಒಂದು ವಿನಂತಿ. ಮೇಷ್ಟ್ರ ಮುಗುಳ್ನಗೆ ಇಡೀ ತರಗತಿಗೆ ಪರವಾನಗಿ ಇದ್ದಂತೆ. ಆ ದಿನ ನನ್ನ ಮೇಷ್ಟ್ರು "ತಂತಿಗೆ ನಿಮ್ಮಲ್ಲಿ ಹರಿಯುವುದು ಎನ್ನುತ್ತೀರಾ? ಬೇರೆ ಕಡೆಯವರು ಏನೆನ್ನುತ್ತೀರಿ?" ಎಂದು ಕೇಳಿದ್ದರೆ ಅದೇ ಪ್ರಸಂಗ ಒಂದು ಪಾಠವಾಗುತ್ತಿತ್ತು. ಎಲ್ಲರಿಗೂ ಮಾತಿನ ಸರದಿ ಬರುವಂತೆ ನೋಡಿಕೊಳ್ಳುವುದು, ಪ್ರತಿ ವಿದ್ಯಾರ್ಥಿಯ ಹೆಸರನ್ನು ಸರಿಯಾಗಿ ಕಲಿಯುವುದು, ಗುಂಪುಗಳನ್ನು ವಿದ್ಯಾರ್ಥಿಗಳ ಆಯ್ಕೆಗೆ ಬಿಡದೆ ತಾವೇ ರಚಿಸುವುದು, ಇವು ಖರ್ಚಿಲ್ಲದ ಕ್ರಮಗಳು.

ಸಂಸ್ಥೆಗಳು ಮಾಡಬಹುದಾದದ್ದೂ ಇದೆ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಇಂಥ ಕಾರ್ಯಕ್ರಮಗಳು ಭಾಷಣ, ಹಾರ, ಶಾಲುಗಳಲ್ಲಿ ಮುಗಿಯಬಾರದು. "ನಿಮ್ಮ ಊರಲ್ಲಿ ಹಿರಿಯರನ್ನು ಹೇಗೆ ಕರೆಯುತ್ತಾರೆ? ಯಾವ ಮಾತು ನೋವು ಕೊಡುತ್ತದೆ?" ಎಂದು ಹತ್ತು ಹತ್ತು ಜನರ ಗುಂಪಿನಲ್ಲಿ ಕೂತು ಮಾತಾಡಲು ಒಂದು ಮಧ್ಯಾಹ್ನ ಸಾಕು. "ಬಾರಲೇ" ಎಂಬುದರ ಅರ್ಥ ಅಲ್ಲಿಯೇ ತಿಳಿಯುತ್ತದೆ. ಈ ಸಭೆಗೆ ಮೆಸ್ಸಿನವರನ್ನೂ ಗ್ರಂಥಾಲಯದ ಸಿಬ್ಬಂದಿಯನ್ನೂ ಕರೆಯಬೇಕು. ವಿಶ್ವವಿದ್ಯಾಲಯ ಅವರದ್ದೂ ಹೌದು.

ಇನ್ನು, ನಿಮ್ಮ ಮಾತಿನಿಂದ ನೋವಾಯಿತೆಂದು ಯಾರಾದರೂ ಹೇಳಿದರೆ? "ತಮಾಷೆಗೆ ಅಂದೆ" ಎಂಬ ಉತ್ತರ ಬಾಯಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳಿ. ಉದ್ದೇಶದ ವಿಚಾರಣೆ ಆಮೇಲೆ ಆಗಲಿ. "ಗೊತ್ತಾಗಲಿಲ್ಲ, ಇನ್ನು ಹಾಗೆ ಅನ್ನುವುದಿಲ್ಲ" ಎಂಬಷ್ಟು ಮಾತು ಸಾಕು. ಉದ್ದನೆಯ ಕ್ಷಮಾಪಣೆ ಕೇಳಿ, ನೊಂದವರೇ ನಿಮ್ಮನ್ನು ಸಮಾಧಾನ ಮಾಡುವಂತೆ ಮಾಡಬೇಡಿ.

ಮಾತು ಸಾಲದಾದಾಗ

ಹೇಳಿದ ಮೇಲೂ ಅದೇ ನಡೆದರೆ, ಅಥವಾ ಹಾಗೆ ಮಾಡುವವರ ಕೈಯಲ್ಲಿ ನಿಮ್ಮ ಅಂಕ, ಹಾಜರಾತಿ, ವಿದ್ಯಾರ್ಥಿವೇತನ ಇದ್ದರೆ, ಮಾತಿನ ದಾರಿ ಅಲ್ಲಿಗೆ ನಿಲ್ಲಬೇಕು. ದಿನಾಂಕ, ಸ್ಥಳ, ಆಡಿದ ಮಾತು, ಅಲ್ಲಿದ್ದವರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಡಿಬಿಡಿಯಾಗಿ ಸಣ್ಣದಾಗಿ ಕಂಡದ್ದು ಒಟ್ಟಿಗೆ ಬರೆದಾಗ ಸ್ಪಷ್ಟವಾಗುತ್ತದೆ. ಯುಜಿಸಿಯ 2023ರ ನಿಯಮಾವಳಿಯಂತೆ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಜಾತಿ, ಧರ್ಮ, ಲಿಂಗ, ಅಂಗವೈಕಲ್ಯದ ನೆಲೆಯ ತಾರತಮ್ಯವೂ ಅಲ್ಲಿ ವಿಚಾರಣೆಗೆ ಬರುವ ವಿಷಯವೇ. ಮಕ್ಕಳು ಮನೆಗೆ ಬಂದು ಇಂಥದ್ದನ್ನು ಹೇಳಿದಾಗ ಪೋಷಕರು "ಸುಮ್ಮನೆ ಓದಿಕೊಂಡು ಬಾ" ಎಂದು ಬಾಯಿ ಮುಚ್ಚಿಸದೆ, ಪೂರ್ತಿ ಕೇಳಿಸಿಕೊಳ್ಳಬೇಕು.

ತಂತಿಯ ಹೋಲಿಕೆ ಒಂದು ಕಡೆ ಸೋಲುತ್ತದೆ, ಅದು ನಮ್ಮ ಪುಣ್ಯ. ಬಿರುಕು ಬಿಟ್ಟ ಲೋಹ ತಾನಾಗಿ ಕೂಡಿಕೊಳ್ಳುವುದಿಲ್ಲ. ಮನುಷ್ಯ ಕೂಡಿಕೊಳ್ಳುತ್ತಾನೆ, ಪಕ್ಕದಲ್ಲಿ ಯಾರಾದರೂ ಜಾಗ ಕೊಟ್ಟರೆ.

ಚಹಾ ಮುಗಿದ ಮೇಲೆ ನಾನು ಆ ವಿದ್ಯಾರ್ಥಿನಿಯ ಬಳಿ ಹೋದೆ. "ತಪ್ಪು ನಂದೇ ಅದ ಅವ್ವಾ. ನೀ ಮೊದಲ ಹೆಂಗ ಹೇಳಿದಿ, ಹಂಗ ಹೇಳು" ಎಂದೆ. ಎಷ್ಟೋ ವರ್ಷಗಳ ಮೇಲೆ ಕೆಲಸದ ಜಾಗದಲ್ಲಿ ನನ್ನ ಬಾಯಿಂದ ನಮ್ಮೂರ ಮಾತು ಬಂದಿತ್ತು. ಹುಡುಗಿ ನಕ್ಕಳು. ಮೂರು ದಿನ ತಾನು ಮೆಸ್ಸಿನ ಮೂಲೆಯಲ್ಲಿ ಒಬ್ಬಳೇ ಕೂತು ಉಂಡದ್ದನ್ನು, ಯಾರೂ ಏನೂ ಅನ್ನದಿದ್ದರೂ ಗಂಟಲಲ್ಲಿ ಅನ್ನ ಇಳಿಯದಿದ್ದುದನ್ನು ಹೇಳಿದಳು. ನಾಲ್ಕನೆಯ ದಿನ ಎದುರು ಬೆಂಚಿನ ಹುಡುಗಿಯೊಬ್ಬಳು ಸರಿದು ಕೂತು, ತಟ್ಟೆ ಇಡಲು ಜಾಗ ಮಾಡಿ, "ಇಲ್ಲಿ ಬನ್ನಿ" ಎಂದು ಕರೆದಳಂತೆ.

"ಅಷ್ಟೇರಿ ಸರ. ಆಮ್ಯಾಲ ಎಲ್ಲಾ ಬರೋಬರ್ ಆಯ್ತು" ಎಂದಳು. ನಾವು ಪ್ರಸಾರ ಮಾಡಿದ್ದು ಆ ಮಾತನ್ನೇ, ಒಂದು ಪದವನ್ನೂ ತಿದ್ದದೆ.